ಅಜ್ಜೀ, ಸ್ವಲ್ಪ ಆಚೆ ಸರಿ

ನಾನು ಮದುವೆ ವಿಡಿಯೊ ಮಾಡುವವನು. ಶಿವಮೊಗ್ಗದಲ್ಲಿ ಒಂದು ಸಣ್ಣ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. 1999ರಲ್ಲಿ ಲೈಟ್ ಹಿಡಿಯುವ ಹುಡುಗನಾಗಿ ಈ ಕೆಲಸಕ್ಕೆ ಬಂದೆ. ಎರಡು ವರ್ಷದ ಮೇಲೆ ಕ್ಯಾಮೆರಾ ಕೈಗೆ ಸಿಕ್ಕಿತು. ಈಗ ಆಷಾಢದಂಥ ಮದುವೆ ಇಲ್ಲದ ತಿಂಗಳುಗಳಲ್ಲಿ ಸಿಸಿಟಿವಿ ಹಾಕುವುದಕ್ಕೂ ಹೋಗುತ್ತೇನೆ. ಅಡಿಕೆ ಒಣಗಿಸುವ ಅಂಗಳಕ್ಕೆ ಕ್ಯಾಮೆರಾ ಬೇಕು ಅನ್ನುವವರು ಇತ್ತೀಚೆಗೆ ಜಾಸ್ತಿ.

ಕಳೆದ ದೀಪಾವಳಿಗೆ ಅಕ್ಕನ ಮಗಳು ಬೆಂಗಳೂರಿನಿಂದ ಬಂದಿದ್ದಳು. ಅಲ್ಲಿ ಸಿನಿಮಾ ಓದುತ್ತಿದ್ದಾಳೆ. ಹಬ್ಬದ ಮಾರನೇ ದಿನ ಸ್ಟುಡಿಯೊಕ್ಕೆ ಬಂದು, ನನ್ನ ಪಕ್ಕದಲ್ಲಿ ಕೂತು, ಲ್ಯಾಪ್‌ಟಾಪ್ ತೆಗೆದಳು. "ಮಾವ, ನೀನು ಮಾಡೋ ಕೆಲಸಾನೇ ಒಬ್ರು ಬೇರೆ ಥರ ಮಾಡಿದಾರೆ, ನೋಡು" ಅಂದಳು. ಯಾವುದೋ ಹೊಸ ಎಡಿಟಿಂಗ್ ಸಾಫ್ಟ್‌ವೇರ್ ತೋರಿಸುತ್ತಾಳೆ ಅಂದುಕೊಂಡೆ. ಅವಳು ತೋರಿಸಿದ್ದು ಕಮಾಲ್ ಅಲ್‌ಜಾಫರಿ ಅನ್ನುವ ಪ್ಯಾಲೆಸ್ತೀನಿ ನಿರ್ದೇಶಕರ ಸಿನಿಮಾ. ಅವತ್ತಿನಿಂದ ಇವತ್ತಿನವರೆಗೆ ನನಗೆ ಅವರದೇ ಧ್ಯಾನ. ಸಿಕ್ಕಿದ್ದನ್ನೆಲ್ಲ ನೋಡಿದೆ, ಓದಿದೆ. ಒಂದೆರಡು ಸಿನಿಮಾ ಮೂರು ಮೂರು ಸಲ ನೋಡಿದೆ.

ಮೊದಲು ನೋಡಿದ್ದು 'ರಿಕಲೆಕ್ಷನ್' ಅನ್ನುವ 2015ರ ಸಿನಿಮಾ. ಜಾಫಾ ಅಂತ ಸಮುದ್ರದ ದಡದ ಒಂದು ಹಳೇ ಊರು. ಅರಬ್ಬಿಯಲ್ಲಿ ಯಾಫಾ ಅನ್ನುತ್ತಾರೆ. ಕಿತ್ತಳೆ ಹಣ್ಣಿಗೆ ಲೋಕಕ್ಕೆಲ್ಲ ಹೆಸರಾಗಿದ್ದ ಬಂದರು. 1948ಕ್ಕೆ ಮೊದಲು ಅಲ್ಲಿ ಹೆಚ್ಚುಕಡಿಮೆ 70,000 ಅರಬ್ಬರಿದ್ದರು. ಇಸ್ರೇಲ್ ದೇಶವಾಗಿ, ಯುದ್ಧ ಮುಗಿದ ಮೇಲೆ ಅಲ್ಲಿ ಉಳಿದವರು ಸುಮಾರು 4,000 ಜನ. ಉಳಿದವರನ್ನೂ ಒಂದೇ ಕೇರಿಗೆ ತಂದು ಕೂರಿಸಿದರು. ಆ ವರ್ಷ ಇಡೀ ಪ್ಯಾಲೆಸ್ತೀನಿನಲ್ಲಿ 7 ಲಕ್ಷದಷ್ಟು ಜನ ಮನೆ ಕಳೆದುಕೊಂಡರು. ಅದನ್ನು ಅವರು ನಕ್ಬಾ ಅನ್ನುತ್ತಾರೆ. ದೊಡ್ಡ ಅನಾಹುತ ಅಂತ ಅರ್ಥ.

ಆಮೇಲೆ 1960ರಿಂದ 90ರವರೆಗೆ ಆ ಊರಿನಲ್ಲಿ ಇಸ್ರೇಲಿನವರು, ಅಮೆರಿಕದವರು ಸಾಲಾಗಿ ಸಿನಿಮಾ ತೆಗೆದರು. ಹಳೇ ಕಲ್ಲಿನ ಮನೆ, ಓಣಿ, ಕಮಾನು, ಸಮುದ್ರ. ಶೂಟಿಂಗಿಗೆ ಹೇಳಿ ಮಾಡಿಸಿದ ಜಾಗ. ಹೀರೊ ಓಡುತ್ತಾನೆ, ಹಾಡುತ್ತಾನೆ, ಗುಂಡು ಹಾರಿಸುತ್ತಾನೆ. 1986ರ 'ಡೆಲ್ಟಾ ಫೋರ್ಸ್' ಅನ್ನುವ ಅಮೆರಿಕದ ಆ್ಯಕ್ಷನ್ ಸಿನಿಮಾದಲ್ಲಿ ಬೈರೂತ್ ಅಂತ ತೋರಿಸಿದ್ದು ಇದೇ ಜಾಫಾವನ್ನು. ಊರಿನ ಹೆಸರನ್ನೂ ಬಿಡಲಿಲ್ಲ ನೋಡಿ. ಅಲ್ಲೇ ಹುಟ್ಟಿ ಬೆಳೆದವರು ಅವರ ಕತೆಯಲ್ಲಿ ಎಲ್ಲೂ ಇಲ್ಲ. ಇದ್ದರೆ ಹಿಂದುಗಡೆ, ಮಬ್ಬಾಗಿ, ಒಂದೆರಡು ಸೆಕೆಂಡು.

ಅಲ್‌ಜಾಫರಿ ಮಾಡಿದ್ದು ಇಷ್ಟು. ಅಂಥ ಸಿನಿಮಾಗಳನ್ನೆಲ್ಲ ಒಟ್ಟುಹಾಕಿದರು. ಮುಂದೆ ನಿಂತಿದ್ದ ಹೀರೊ, ಹೀರೊಯಿನ್ ಎಲ್ಲರನ್ನೂ ಅಳಿಸಿದರು. ಊರನ್ನು ಉಳಿಸಿಕೊಂಡರು. ಕಿಟಕಿಯಲ್ಲಿ ನಿಂತವರು, ಮೂಲೆಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುವವರು, ಬಾಗಿಲಲ್ಲಿ ಕೂತ ಮುದುಕರು, ಇವರನ್ನೆಲ್ಲ ಹತ್ತಿರಕ್ಕೆ ಎಳೆದರು. ಎಷ್ಟು ಹತ್ತಿರ ಅಂದರೆ ಮುಖ ಒಡೆದು ಬರೀ ಬಣ್ಣದ ಚೌಕ ಆಗಿಬಿಡುತ್ತದೆ. ಹಾಗೆ ಹುಡುಕುವಾಗ ಒಂದು ಸಿನಿಮಾದ ಹಿಂದುಗಡೆ ಅವರ ಸ್ವಂತ ಮಾವನೇ ನಡೆದುಹೋಗುತ್ತಿದ್ದರಂತೆ.

ಎಪ್ಪತ್ತು ನಿಮಿಷ. ಕತೆ ಇಲ್ಲ. ಖಾಲಿ ಬೀದಿ, ಗೋಡೆ, ಮೆಟ್ಟಿಲು, ಮತ್ತೆ ಗೋಡೆ. ಮೊದಲ ಸಲ ಇಪ್ಪತ್ತು ನಿಮಿಷಕ್ಕೆ ಬೇಸರ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಎಲ್ಲಿ ಅಂತ ಗೊತ್ತಿಲ್ಲ, ನಾನೇ ಆ ಓಣಿಯಲ್ಲಿ ಯಾರನ್ನೋ ಹುಡುಕುತ್ತಿದ್ದೇನೆ ಅನ್ನಿಸಲು ಶುರುವಾಯಿತು. ಮುಗಿದಾಗ ನಾನು, ಅಕ್ಕನ ಮಗಳು ಇಬ್ಬರೂ ಸುಮ್ಮನೆ ಕೂತಿದ್ದೆವು. ಹೊರಗೆ ಯಾರೋ ಪಾಸ್‌ಪೋರ್ಟ್ ಫೋಟೊ ಬೇಕು ಅಂತ ಬಾಗಿಲು ಬಡಿಯುತ್ತಿದ್ದರು.

ಅಳಿಸುವ ಕೆಲಸ ಎಂಥದ್ದು ಅಂತ ನನಗೆ ಗೊತ್ತು. ಒಂದು ಸೆಕೆಂಡಿಗೆ 25 ಚಿತ್ರ. ಒಂದು ನಿಮಿಷಕ್ಕೆ 1,500. ಒಬ್ಬ ಮನುಷ್ಯನನ್ನು ತೆಗೆಯಬೇಕು ಅಂದರೆ ಅವನ ಹಿಂದೆ ಏನಿತ್ತು ಅಂತ ಬೇರೆ ಚಿತ್ರದಿಂದ ತಂದು ತುಂಬಬೇಕು. ಗೋಡೆಯ ಬಿರುಕು ಗೋಡೆಯ ಬಿರುಕಿಗೇ ಕೂಡಬೇಕು. ಕೆಲವು ವರ್ಷಗಳ ಹಿಂದೆ ಒಬ್ಬರು ಮಗಳ ಮದುವೆ ವಿಡಿಯೊ ತಂದುಕೊಟ್ಟರು. ಆ ಮದುವೆ ಮುರಿದುಹೋಗಿತ್ತು. ಅಳಿಯನನ್ನು ತೆಗೆದುಹಾಕಿ, ನಮ್ಮ ಮನೆಯವರು ಮಾತ್ರ ಇರಲಿ ಅಂದರು. ನಲವತ್ತು ಸೆಕೆಂಡಿನ ಒಂದು ತುಣುಕಿಗೆ ನಾಲ್ಕು ರಾತ್ರಿ ಹಿಡಿಯಿತು. ದುಡ್ಡು ಕೊಟ್ಟರು, ತಗೊಂಡೆ. ಆದರೆ ಆ ಹುಡುಗನ ಕೈ ಹುಡುಗಿಯ ಭುಜದ ಮೇಲಿಂದ ಮಾಯವಾಗುವುದನ್ನು ನೋಡುವಾಗ ಹೊಟ್ಟೆ ತೊಳಸಿದಂತಾಗಿತ್ತು. ನಾನು ಸುಳ್ಳು ಕಟ್ಟುತ್ತಿದ್ದೆ. ಅದೇ ಮೌಸ್, ಅದೇ ಮಾಸ್ಕ್, ಅದೇ ಕೆಲಸ ಹಿಡಿದು ಈ ಮನುಷ್ಯ ಸುಳ್ಳಿನ ಒಳಗಿಂದ ನಿಜವನ್ನು ಹೊರಗೆ ತೆಗೆದಿದ್ದಾರೆ. ಇದು ನನಗೆ ಬಹಳ ದೊಡ್ಡ ವಿಷಯ.

ಅವರ ಬಗ್ಗೆ ಸ್ವಲ್ಪ ಹೇಳುತ್ತೇನೆ. ಹುಟ್ಟಿದ್ದು 1972ರಲ್ಲಿ, ರಮ್ಲಾ ಅನ್ನುವ ಊರಿನಲ್ಲಿ. ಜಾಫಾದಲ್ಲೂ ಅವರ ಮನೆಯವರಿದ್ದಾರೆ. 1989ರಲ್ಲಿ, ಇನ್ನೂ ಎಳೇ ಪ್ರಾಯದಲ್ಲೇ, ಇಸ್ರೇಲಿನ ಜೈಲಿನಲ್ಲಿದ್ದರು. ಆಮೇಲೆ ಜರ್ಮನಿಗೆ ಹೋಗಿ ಕೊಲೋನ್ ನಗರದಲ್ಲಿ ಸಿನಿಮಾ ಮತ್ತು ಮೀಡಿಯಾ ಕಲೆ ಓದಿದರು. 2003ರಲ್ಲಿ ಓದು ಮುಗಿಯಿತು. ಈಗ ಇರುವುದು ಬರ್ಲಿನ್‌ನಲ್ಲಿ. ಅಲ್ಲಿನ ಫಿಲ್ಮ್ ಅಕಾಡೆಮಿಯಲ್ಲಿ ಪಾಠವನ್ನೂ ಮಾಡಿದ್ದಾರೆ. ಪ್ರಶಸ್ತಿ, ಫೆಲೋಶಿಪ್ ಪಟ್ಟಿ ಹೇಳುತ್ತಾ ಹೋದರೆ ಉದ್ದವಾಗುತ್ತದೆ. ನನ್ನನ್ನು ಹಿಡಿದದ್ದು ಅವರ ಸಿನಿಮಾಗಳೊಳಗಿನ ಮನೆ.

2006ರಲ್ಲಿ 'ದಿ ರೂಫ್' ಅಂತ ಮಾಡಿದರು. ರೂಫ್ ಅಂದರೆ ಚಾವಣಿ, ನಮ್ಮ ಕಡೆ ಮಾಡು ಅನ್ನುತ್ತೇವೆ. 1948ರಲ್ಲಿ ಅವರ ಅಜ್ಜ ಅಜ್ಜಿ ದೋಣಿ ಹತ್ತಿ ಬೈರೂತಿಗೆ ಹೊರಟಿದ್ದರಂತೆ. ಅಲೆ ಜೋರಾಗಿ ದೋಣಿ ವಾಪಸ್ ಬಂತು. ಬಂದು ನೋಡಿದರೆ ಅವರ ಮನೆ ಅವರದಾಗಿ ಉಳಿದಿರಲಿಲ್ಲ. ಓಡಿಹೋದ ಬೇರೆ ಪ್ಯಾಲೆಸ್ತೀನಿಯರ ಮನೆಯಲ್ಲಿ ಇರಿ ಅಂದರು. ಆ ಮನೆಯವರು 1948ರಲ್ಲಿ ಮೇಲಂತಸ್ತು ಕಟ್ಟುತ್ತಾ ಇದ್ದರು. ಅರ್ಧಕ್ಕೇ ಬಿಟ್ಟು ಹೋಗಿದ್ದರು. ಅಲ್‌ಜಾಫರಿ ಅವರ ಅಪ್ಪ ಅಮ್ಮ ಕೆಳಗಡೆ ಸಂಸಾರ ಮಾಡಿದರು. ಮೇಲಿನ ಗೋಡೆಗಳು ಮಾಡು ಇಲ್ಲದೆ ಹಾಗೇ ನಿಂತವು. ಐವತ್ತಕ್ಕೂ ಹೆಚ್ಚು ವರ್ಷ.

ಇದನ್ನು ಓದಿದಾಗ ನಾನು ಎದ್ದು ಹೋಗಿ ಟೀ ಕುಡಿದು ಬಂದೆ. ಯಾಕೆ ಅಂತ ಹೇಳಬೇಕಾದರೆ ನಮ್ಮ ಮನೆ ಕತೆ ಹೇಳಬೇಕು.

ನಮ್ಮದು ಶರಾವತಿ ಮುಳುಗಡೆಯಲ್ಲಿ ಎದ್ದು ಬಂದ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಮ್ಮನಿಗೆ ಆಗ ಹನ್ನೆರಡು ವರ್ಷ. ಅಜ್ಜನ ಗದ್ದೆ, ತೋಟ, ಕೊಟ್ಟಿಗೆ, ಮನೆ ಎಲ್ಲ ನೀರೊಳಗೆ ಹೋಯಿತು. ಲಾರಿಯಲ್ಲಿ ಸಾಮಾನು ಹೇರಿಕೊಂಡು, ದನಗಳನ್ನು ಹೊಡೆದುಕೊಂಡು ಶಿವಮೊಗ್ಗದ ಹತ್ತಿರದ ಒಂದು ಕಾಡಂಚಿಗೆ ಬಂದರು. ಅಲ್ಲಿ ಬೇರೆ ಮಣ್ಣು, ಬೇರೆ ಮಳೆ. ತೋಟದವರು ಜೋಳ ಬಿತ್ತುವುದನ್ನು ಕಲಿತರು. ಕೊಟ್ಟ ಜಾಗ ನಮ್ಮದು ಅಂತ ತೋರಿಸುವ ಕಾಗದ ಇವತ್ತಿಗೂ ನಮ್ಮ ಕೈಯಲ್ಲಿಲ್ಲ. ಅಪ್ಪ ಇದ್ದಾಗ ಒಂದು ಕಚೇರಿಗೆ ಹನ್ನೊಂದು ವರ್ಷ ಓಡಾಡಿದರು. ಕೊನೆಗೆ ಒಂದು ದಿನ ಫೈಲೇ ಸಿಗುತ್ತಿಲ್ಲ ಅಂದರು. ನಮ್ಮಂಥ ಮನೆಗಳು ಸಾವಿರಗಟ್ಟಲೆ ಇವೆ. ಚುನಾವಣೆ ಬಂದಾಗ "ಮುಳುಗಡೆ ಸಂತ್ರಸ್ತರು" ಅನ್ನುವ ಮಾತು ಕೇಳುತ್ತದೆ.

ಅಲ್‌ಜಾಫರಿ ಅವರ 2009ರ ಸಿನಿಮಾ 'ಪೋರ್ಟ್ ಆಫ್ ಮೆಮರಿ'. ಜಾಫಾದಲ್ಲಿರುವ ಅವರ ಬಂಧುಗಳ ಮನೆಗೆ, ಖಾಲಿ ಮಾಡಿ ಅಂತ ನೋಟಿಸ್ ಬರುತ್ತದೆ. ಮನೆ ನಮ್ಮದೇ ಅಂತ ತೋರಿಸೋಣ ಅಂದರೆ ವಕೀಲ ಕಾಗದ ಕಳೆದುಬಿಟ್ಟಿದ್ದಾನೆ. ಯಾರೂ ಕೂಗಾಡುವುದಿಲ್ಲ. ಟಿವಿ ನಡೆಯುತ್ತಿರುತ್ತದೆ. ಒಬ್ಬ ಹೆಂಗಸು ಕೈ ತೊಳೆಯುತ್ತಾಳೆ. ಮತ್ತೆ ತೊಳೆಯುತ್ತಾಳೆ. ಸೋಪು, ನೀರು, ಬೆರಳು, ಮತ್ತೆ ಸೋಪು. ಅಪ್ಪ ಆ ಕಚೇರಿಯಿಂದ ಬಂದ ದಿನ ಮಾತೇ ಆಡಲಿಲ್ಲ. ಅಂಗಳದಲ್ಲಿ ಕೂತು ಕತ್ತಿ ಮಸೆಯುತ್ತಾ ಇದ್ದರು. ಮಸೆದದ್ದನ್ನೇ ಮತ್ತೆ ಮಸೆದರು. ಆ ಹೆಂಗಸಿನ ಕೈ ನೋಡುವಾಗ ನನಗೆ ಆ ಕತ್ತಿಯ ಸದ್ದು ಕೇಳಿಸಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮುಳುಗಡೆ ಮತ್ತು ಅವರ ನಕ್ಬಾ ಒಂದೇ ಅಂತ ನಾನು ಹೇಳುತ್ತಿಲ್ಲ. ನಮ್ಮನ್ನು ಎಬ್ಬಿಸಿದ್ದು ನೀರು ಮತ್ತು ನೋಟಿಸು. ನಮ್ಮ ಮೇಲೆ ಯಾರೂ ಗುಂಡು ಹಾರಿಸಲಿಲ್ಲ. ನಾವು ನಮ್ಮ ಜಿಲ್ಲೆಯಲ್ಲೇ, ನಮ್ಮ ಭಾಷೆಯಲ್ಲೇ ಇದ್ದೇವೆ. ಅಲ್ಲಿ ಇವತ್ತಿಗೂ ಜನ ಸಾಯುತ್ತಿದ್ದಾರೆ, ಮಕ್ಕಳು ಸಾಯುತ್ತಿದ್ದಾರೆ. ಆ ನೋವಿನ ಪಕ್ಕ ನಮ್ಮದನ್ನು ಇಟ್ಟು ತೂಗುವುದು ತಪ್ಪು. ಆದರೆ ಇಲ್ಲದ ಮನೆಯನ್ನು ಎಲ್ಲಿ ಹುಡುಕಬೇಕು ಅನ್ನುವ ಪ್ರಶ್ನೆ ಇದೆಯಲ್ಲ, ಅದು ನನ್ನ ಮನೆಯಲ್ಲೂ ಇತ್ತು. ಅದಕ್ಕೆ ಒಂದು ದಾರಿ ತೋರಿಸಿದವರು ಇವರು.

ಅಜ್ಜನ ಮನೆಯ ಫೋಟೊ ನಮ್ಮಲ್ಲಿ ಒಂದೂ ಇಲ್ಲ. 1964ರಲ್ಲಿ ಆ ಹಳ್ಳಿಯಲ್ಲಿ ಕ್ಯಾಮೆರಾ ಯಾರ ಹತ್ತಿರ ಇತ್ತು? ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಲಿಂಗನಮಕ್ಕಿಗಿಂತ ಮೊದಲು, 1940ರ ದಶಕದಲ್ಲಿ ಕಟ್ಟಿದ್ದು. ಹೊಸ ಅಣೆಕಟ್ಟಿನ ನೀರಿನಲ್ಲಿ ಹಳೇ ಅಣೆಕಟ್ಟೇ ಮುಳುಗಿತು. ಅದು ಮೇಲೆ ಬಂದಾಗ ಶಿವಮೊಗ್ಗ, ಸಾಗರದಿಂದ ಜನ ಬೈಕು ಹತ್ತಿ ನೋಡಲು ಹೋಗುತ್ತಾರೆ, ರೀಲ್ಸ್ ಮಾಡುತ್ತಾರೆ. ನಾನೂ ಡ್ರೋನ್ ತಗೊಂಡು ಹೋಗಿದ್ದೆ. ಅಮ್ಮನಿಗೆ ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಇದರಲ್ಲಿ ನಮ್ಮನೆ ಯಾವ ಕಡೆ?" ಅಂತ ಕೇಳಿದರು. ನನಗೆ ಹೇಳಲು ಆಗಲಿಲ್ಲ. ನೀರು 1,819 ಅಡಿ ಮುಟ್ಟಿದರೆ ಡ್ಯಾಂ ತುಂಬಿತು ಅಂತ ಪೇಪರಿನಲ್ಲಿ ಬರುತ್ತದೆ, ಎಲ್ಲರಿಗೂ ಖುಷಿ. ಅಮ್ಮ ಆ ಸುದ್ದಿಯನ್ನು ಓದುವುದಿಲ್ಲ.

ಇನ್ನೊಂದು ಸಿನಿಮಾದ ವಿಷಯ ಹೇಳುತ್ತೇನೆ. 'ಆ್ಯನ್ ಅನ್‌ಯೂಷುಯಲ್ ಸಮ್ಮರ್', 2020ರದ್ದು. ಇದು ನನ್ನ ಸಿಸಿಟಿವಿ ಕಸುಬಿಗೆ ನೇರವಾಗಿ ತಾಗಿತು. 2006ರ ಬೇಸಿಗೆಯಲ್ಲಿ ಅವರ ಅಪ್ಪನ ಕಾರಿನ ಗಾಜನ್ನು ಯಾರೋ ಮತ್ತೆ ಮತ್ತೆ ಒಡೆಯುತ್ತಿದ್ದರು. ಯಾರು ಅಂತ ಹಿಡಿಯಲು ಅಪ್ಪ ಮನೆ ಮುಂದೆ ಕ್ಯಾಮೆರಾ ಹಾಕಿಸಿದರು. ರಮ್ಲಾದ ಆ ಕೇರಿಗೆ 1948ರಿಂದ ಗೆಟೋ ಅನ್ನುವ ಹೆಸರು ಬಿದ್ದಿದೆ. ಉಳಿದವರನ್ನು ಬೇಲಿಯೊಳಗೆ ಹಾಕಿದ್ದ ಜಾಗ ಅದು. ಅಪ್ಪ ತೀರಿಹೋದ ಮೇಲೆ ಮಗನಿಗೆ ಆ ಟೇಪುಗಳು ಸಿಕ್ಕವು.

ನನ್ನಂಥವನು ಆಗಿದ್ದರೆ ಕಲ್ಲು ಬಿದ್ದ ಹೊತ್ತನ್ನು ಹುಡುಕಿ, ಅಷ್ಟನ್ನೇ ಕತ್ತರಿಸಿ, ಪೆನ್‌ಡ್ರೈವಿಗೆ ಹಾಕಿ ಕೊಟ್ಟುಬಿಡುತ್ತಿದ್ದೆ. ಗಿರಾಕಿಗಳು ಕೇಳುವುದು ಅಷ್ಟೇ ಅಲ್ವಾ. ಇವರು ಉಳಿದದ್ದನ್ನು ನೋಡಿದರು. ಬೆಳಿಗ್ಗೆ ಕೆಲಸಕ್ಕೆ ಹೋಗುವ ನೆರೆಯವರು. ಶಾಲೆಗೆ ಹೋಗುವ ಮಕ್ಕಳು. ದಾಟಿಹೋಗುವ ನಾಯಿ. ಕಾರಿನ ಹತ್ತಿರ ಬಂದು ನಿಲ್ಲುವ ಅಪ್ಪ. ಪರದೆಯ ಮೇಲೆ ಸಣ್ಣ ಸಣ್ಣ ಸಾಲುಗಳು ಬರುತ್ತವೆ, ಇವರು ಯಾರು, ಎಲ್ಲಿಗೆ ಹೊರಟರು ಅಂತ. ಕ್ಯಾಮೆರಾ ಅಲುಗುವುದೇ ಇಲ್ಲ. ಒಂದೇ ಕೋನ. ಎಂಬತ್ತು ನಿಮಿಷ ಆಗುವಷ್ಟರಲ್ಲಿ ಆ ಜಾಗ ನನಗೆ ನಮ್ಮ ಬೀದಿಯಷ್ಟೇ ಪರಿಚಯವಾಗಿತ್ತು.

ಅಪ್ಪ ಇರಲಿಲ್ಲ ಅನ್ನುವ ದಿನಗಳಲ್ಲಿ ಅಪ್ಪ ಬಂದು ಕಾರಿನ ಬಾಗಿಲು ತೆಗೆಯುವುದನ್ನು ಮಗ ನೋಡುತ್ತಾ ಕೂತಿರುತ್ತಾನಲ್ಲ. ಆ ಯೋಚನೆಯೇ ನನ್ನನ್ನು ಅಲ್ಲಾಡಿಸಿತು. ನಾನು ಹಾಕುವ ಸಿಸ್ಟಂಗಳು ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳು ಇಟ್ಟುಕೊಳ್ಳುತ್ತವೆ. ಆಮೇಲೆ ಹಳೇದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ತೀರ್ಥಹಳ್ಳಿ ಕಡೆ ಒಂದು ಮನೆಯಲ್ಲಿ ಯಜಮಾನರು ಹೋಗಿಬಿಟ್ಟರು. ಅದಕ್ಕೆ ಹಿಂದಿನ ವಾರವಷ್ಟೇ ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು. ಆ ಮನೆಯ ಮಗ ಎರಡು ತಿಂಗಳ ಮೇಲೆ ಫೋನ್ ಮಾಡಿ, "ಅಪ್ಪ ಇರೋ ವಿಡಿಯೊ ಏನಾದ್ರೂ ಸಿಗುತ್ತಾ?" ಅಂತ ಕೇಳಿದ. ಹಾರ್ಡ್ ಡಿಸ್ಕ್ ತೆಗೆದು ಪ್ರಯತ್ನ ಪಟ್ಟೆ, ಸಿಗಲಿಲ್ಲ. ಈಗ ನಾನು ಹೊಸದಾಗಿ ಸಿಸ್ಟಂ ಹಾಕುವ ಪ್ರತಿ ಮನೆಯಲ್ಲೂ ಹೇಳುತ್ತೇನೆ. ವರ್ಷಕ್ಕೆ ಒಂದು ದಿನದ್ದಾದರೂ ಬೇರೆ ಡಿಸ್ಕಿಗೆ ಹಾಕಿ ಇಟ್ಟುಕೊಳ್ಳಿ, ಏನೂ ನಡೆಯದ ದಿನವಾದರೂ ಪರವಾಗಿಲ್ಲ. ಕೆಲವರು ವಿಚಿತ್ರವಾಗಿ ನೋಡುತ್ತಾರೆ. ಇಬ್ಬರು ಇಟ್ಟುಕೊಂಡಿದ್ದಾರೆ.

2024ರಲ್ಲಿ 'ಎ ಫಿದಾಯಿ ಫಿಲ್ಮ್' ಬಂತು. ಫಿದಾಯಿ ಅಂದರೆ ಪ್ರಾಣ ಒತ್ತೆಯಿಟ್ಟು ಹೋರಾಡುವವನು. ಬೈರೂತಿನಲ್ಲಿ ಪ್ಯಾಲೆಸ್ತೀನ್ ರಿಸರ್ಚ್ ಸೆಂಟರ್ ಅಂತ ಇತ್ತು. ಅಲ್ಲಿ ಪುಸ್ತಕ, ದಾಖಲೆ, ಫಿಲ್ಮು ಎಲ್ಲ ಕೂಡಿಸಿಟ್ಟಿದ್ದರು. 1982ರಲ್ಲಿ ಇಸ್ರೇಲಿ ಸೈನ್ಯ ಬೈರೂತಿಗೆ ನುಗ್ಗಿದಾಗ ಅದನ್ನು ಹೊತ್ತುಕೊಂಡು ಹೋಯಿತು. ಅಂದರೆ ಮನೆ ಹೋಯಿತು, ಮನೆಯ ನೆನಪೂ ಹೋಯಿತು. ಅಲ್‌ಜಾಫರಿ ಹಾಗೆ ಬೇರೆಯವರ ಕೈ ಸೇರಿದ ಚಿತ್ರಗಳನ್ನು ಮತ್ತೆ ತಮ್ಮ ಕೈಗೆ ತಗೊಂಡು, ಅದರ ಮೇಲೆ ಕೆಂಪು ಬಣ್ಣ ಹಚ್ಚುತ್ತಾರೆ. ಚಿತ್ರದ ಮೇಲೆ ಇನ್ನೊಬ್ಬರು ಬರೆದ ಅಕ್ಷರದ ಮೇಲೆ ಕೆಂಪು, ಮುಖದ ಮೇಲೆ ಕೆಂಪು. ನೋಡಲು ಕಷ್ಟವಾಗುತ್ತದೆ. ಇದೊಂದರಲ್ಲಿ ಅವರು ಮೆತ್ತಗೆ ಮಾತಾಡುವುದಿಲ್ಲ, ಸಿಟ್ಟು ಎದ್ದು ಕಾಣುತ್ತದೆ. ನನಗೆ ಅವರ ನಿಧಾನದ ಸಿನಿಮಾಗಳೇ ಹೆಚ್ಚು ಹತ್ತಿರ. ಆದರೂ ಆ ಕೆಂಪು ಬಹಳ ದಿನ ಕಣ್ಣಿಂದ ಹೋಗಲಿಲ್ಲ.

ಆಮೇಲೆ 2025ರ 'ವಿತ್ ಹಸನ್ ಇನ್ ಗಾಜಾ'. ಲೊಕಾರ್ನೊ ಚಿತ್ರೋತ್ಸವದ ಮುಖ್ಯ ಸ್ಪರ್ಧೆಯಲ್ಲಿತ್ತು. ಇದರ ಕತೆ ಓದಿಯೇ ನಾನು ಬೀರು ತೆಗೆದದ್ದು.

2001ರಲ್ಲಿ ಅವರು ಗಾಜಾಕ್ಕೆ ಹೋಗಿದ್ದರು. 1989ರಲ್ಲಿ ಜೈಲಿನಲ್ಲಿ ಜೊತೆಗಿದ್ದ ಒಬ್ಬನನ್ನು ಹುಡುಕಿಕೊಂಡು. ಹಸನ್ ಅನ್ನುವ ಅಲ್ಲಿನವರೊಬ್ಬರು ಉತ್ತರದಿಂದ ದಕ್ಷಿಣದವರೆಗೆ ಕರೆದುಕೊಂಡು ಓಡಾಡಿಸಿದರು. ದಾರಿಯುದ್ದಕ್ಕೂ ಶೂಟ್ ಮಾಡಿದ್ದು ಮೂರು ಮಿನಿಡಿವಿ ಟೇಪು. ಆ ಟೇಪುಗಳು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಾಗೇ ಬಿದ್ದಿದ್ದವು. ಮತ್ತೆ ಸಿಕ್ಕಾಗ ಗಾಜಾದ ಬೀದಿಗಳೇ ಇರಲಿಲ್ಲ. ಮಾರ್ಕೆಟ್ಟು, ಸಮುದ್ರದ ದಡ, ಕ್ಯಾಮೆರಾ ಮುಂದೆ ಬಂದು ನಗುವ ಮಕ್ಕಳು, ಎಲ್ಲ ಆ ಟೇಪಿನಲ್ಲಿದೆ. ಹಸನ್ ಏನಾದರು ಅಂತ ಗೊತ್ತಿಲ್ಲ. ಆ ಮಕ್ಕಳಿಗೆ ಈಗ ಮೂವತ್ತು ದಾಟಿರಬೇಕಿತ್ತು.

ಮಿನಿಡಿವಿ ಅಂದರೆ ನನಗೆ ಬಹಳ ಸಲಿಗೆಯ ವಸ್ತು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಒಂದರಲ್ಲಿ ಅರವತ್ತು ನಿಮಿಷ. ನಾನು ಕಲಿತದ್ದೇ ಅದರಲ್ಲಿ. ಒಂದು ಮದುವೆಗೆ ನಾಲ್ಕೋ ಐದೋ ಟೇಪು. ಎಡಿಟ್ ಮಾಡಿ ಸಿಡಿ ಕೊಟ್ಟ ಮೇಲೆ ಅದರ ಮೇಲೇ ಮುಂದಿನ ಮದುವೆ ಶೂಟ್ ಮಾಡುವವರು ಬಹಳ ಜನ. ನಾನು ಮಾತ್ರ ಮೊದಲಿಂದಲೂ ಇಟ್ಟುಕೊಂಡೆ, ಯಾವ ದೊಡ್ಡ ಉದ್ದೇಶವೂ ಇರಲಿಲ್ಲ, ಬಿಸಾಡಲು ಮನಸ್ಸು ಬರುತ್ತಿರಲಿಲ್ಲ ಅಷ್ಟೇ. 226 ಟೇಪು. ಮಲೆನಾಡಿನ ಮಳೆಗೆ ಬೂಷ್ಟು ಬರಬಾರದು ಅಂತ ಬೀರುವಿನೊಳಗೆ ಮಳೆಗಾಲವಿಡೀ ಒಂದು ಸಣ್ಣ ಬಲ್ಬು ಉರಿಸುತ್ತೇನೆ. ಹಾಗಿದ್ದೂ ಹತ್ತಾರು ಹೋಗಿವೆ.

ಹಳೇ ಕ್ಯಾಮೆರಾ ತೆಗೆದು, ಹೆಡ್ ಕ್ಲೀನ್ ಮಾಡಿ, ಕಂಪ್ಯೂಟರಿಗೆ ಹಾಕಲು ಶುರುಮಾಡಿದೆ. ಮಿನಿಡಿವಿಯಲ್ಲಿ ಅವಸರ ನಡೆಯುವುದಿಲ್ಲ. ಒಂದು ಗಂಟೆ ಟೇಪಿಗೆ ಒಂದು ಗಂಟೆಯೇ ಬೇಕು. ಕೂತು ನೋಡಲೇಬೇಕು. ಈ ಸಲ ನಾನು ಮದುಮಕ್ಕಳನ್ನು ನೋಡಲಿಲ್ಲ. ಹಿಂದೆ ನೋಡಿದೆ.

ಏನೆಲ್ಲ ಇದೆ ಅಂತ ಹೇಳಲಿ? ಚಪ್ಪರಕ್ಕೆ ಅಡಿಕೆ ಸೋಗೆ ಹೊದೆಸಿದ ಅಂಗಳಗಳು. ಈಗ ಎಲ್ಲ ಕಡೆ ಕಲ್ಯಾಣ ಮಂಟಪ, ಬಣ್ಣದ ಲೈಟು. ಅವಲಕ್ಕಿ ಬಡಿಸುವವರು. ಹಂಡೆ ಒಲೆ. ಜಗುಲಿಯಲ್ಲಿ ಎಲೆಯಡಿಕೆ ತಟ್ಟೆ ಸುತ್ತ ಕೂತ ಹಿರಿಯರು, ಅವರಲ್ಲಿ ಈಗ ಮುಕ್ಕಾಲು ಜನ ಇಲ್ಲ. ಒಂದು ಟೇಪಿನಲ್ಲಿ ದಿಬ್ಬಣ ಸಿಗಂದೂರಿನ ಕಡೆಗೆ ಲಾಂಚಿನಲ್ಲಿ ದಾಟುತ್ತಿದೆ. ನಾನು ಮದುಮಗನ ಪೇಟವನ್ನೇ ಹಿಡಿದಿದ್ದೇನೆ. ಹಿಂದೆ ನೀರಿನಲ್ಲಿ ಒಣಗಿದ ಮರದ ಬುಡಗಳು ಒಂದೊಂದಾಗಿ ಹಾದುಹೋಗುತ್ತವೆ. ಯಾರ ತೋಟದ್ದೋ. 2025ರ ಜುಲೈ 14ಕ್ಕೆ ಅಲ್ಲಿ ಸೇತುವೆ ಶುರುವಾಯಿತು. ಜನಕ್ಕೆ ಬಹಳ ಒಳ್ಳೆಯದಾಯಿತು, ಅರವತ್ತು ವರ್ಷ ಕಾದಿದ್ದಾರೆ. ಲಾಂಚಿನ ಮೇಲೆ ದಿಬ್ಬಣ ಹೋಗುವ ಚಿತ್ರ ಇನ್ನು ಮೇಲೆ ಹೊಸದಾಗಿ ಯಾರಿಗೂ ಸಿಗುವುದಿಲ್ಲ.

ಸಿನಿಮಾದವರು ನಮ್ಮ ಕಡೆಯೂ ಬಹಳ ಬಂದಿದ್ದಾರೆ. ಜೋಗದ ಮುಂದೆ ಎಷ್ಟು ಹಾಡು ಆಗಿಲ್ಲ? 1980ರ ದಶಕದಲ್ಲಿ ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಆಗುಂಬೆಯನ್ನೇ ಮಾಲ್ಗುಡಿ ಮಾಡಿದರು. ಆಗುಂಬೆಯವರು ಅದನ್ನು ಇವತ್ತಿಗೂ ಪ್ರೀತಿಯಿಂದ ನೆನೆಯುತ್ತಾರೆ. ಅಲ್ಲಿ ಯಾರ ಊರನ್ನೂ ಯಾರೂ ಕಿತ್ತುಕೊಳ್ಳಲಿಲ್ಲ, ಆದ್ದರಿಂದ ಅದು ಬೇರೆ. ಮೊನ್ನೆ ಅದನ್ನು ಮತ್ತೆ ಹಾಕಿಕೊಂಡು ಸ್ವಾಮಿಯನ್ನು ಬಿಟ್ಟು ಹಿಂದಿನ ಹೆಂಚಿನ ಮಾಡುಗಳನ್ನು, ಖಾಲಿ ರಸ್ತೆಯನ್ನು ನೋಡಿದೆ. ನಲವತ್ತು ವರ್ಷದ ಹಿಂದಿನ ಆಗುಂಬೆ ಅಲ್ಲಿ ಸುಮ್ಮನೆ ನಿಂತಿದೆ.

ಹದಿಮೂರನೇ ಟೇಪಿಗೆ ಬಂದೆ. 2001ರದ್ದು. ಹೊಸನಗರದ ಕಡೆ, ಅಜ್ಜಿಯ ತವರಿನವರ ಮನೆಯ ಮದುವೆ. ನಾನು ಒಬ್ಬನೇ ಶೂಟ್ ಮಾಡಿದ ಮೊದಲ ಮದುವೆ ಅದು. ಗಿರಾಕಿಗಳೂ ಅವರೇ, ಬಂಧುಗಳೂ ಅವರೇ. ಬಹಳ ಹೆದರಿಕೊಂಡು ಮಾಡಿದ್ದೆ. ಅಜ್ಜಿ ಆಗ ಗಟ್ಟಿಮುಟ್ಟಾಗಿದ್ದರು. 2008ರಲ್ಲಿ ಹೋದರು.

ಮೂವತ್ತನಾಲ್ಕನೇ ನಿಮಿಷ. ಧಾರೆ ಮುಗಿದಿದೆ. ಜಗುಲಿಯ ಮೇಲೆ ಹುಡುಗ ಹುಡುಗಿ ನಿಂತಿದ್ದಾರೆ. ಹಿಂದೆ ಅಜ್ಜಿ. ನೀಲಿ ಅಂಚಿನ ಬಿಳಿ ಸೀರೆ. ಎಡಗೈ ಒಂದು ಕಂಬದ ಮೇಲೆ. ಅಜ್ಜಿ ಹುಡುಗ ಹುಡುಗಿಯನ್ನೂ ನೋಡುತ್ತಿಲ್ಲ, ಕ್ಯಾಮೆರಾವನ್ನೂ ನೋಡುತ್ತಿಲ್ಲ. ನಾಲ್ಕು ಸೆಕೆಂಡು. ಆಮೇಲೆ ಕ್ಯಾಮೆರಾದ ಹಿಂದಿನಿಂದ ನನ್ನ ದನಿ ಕೇಳುತ್ತದೆ. ಇಪ್ಪತ್ತನಾಲ್ಕು ವರ್ಷದ ಹುಡುಗನ ಗಡಿಬಿಡಿಯ ದನಿ.

"ಅಜ್ಜೀ, ಸ್ವಲ್ಪ ಆಚೆ ಸರಿ. ಫ್ರೇಮಿಗೆ ಬರ್ತಾ ಇದೀಯ."

ಅಜ್ಜಿ ಬೆಚ್ಚಿದಂತೆ ತಿರುಗಿ, ಸೆರಗು ಎಳೆದುಕೊಂಡು, ಬಲಗಡೆಗೆ ಸರಿದು ಹೋಗುತ್ತಾರೆ. ಮೊದಲು ಮುಖ ಹೋಗುತ್ತದೆ. ಕೈ ಕೊನೆಗೆ ಹೋಗುತ್ತದೆ.

ಅಜ್ಜಿಯ ಫೋಟೊ ನಮ್ಮ ಮನೆಯಲ್ಲಿರುವುದು ಒಂದೇ. ಗುರುತಿನ ಚೀಟಿಗೆ ತೆಗೆದದ್ದನ್ನು ದೊಡ್ಡದು ಮಾಡಿಸಿ ಹಾರ ಹಾಕಿದ್ದೇವೆ. ಅಜ್ಜಿ ನಡೆದಾಡುವ ಚಿತ್ರ ಇದೊಂದೇ. ಅದರಲ್ಲೂ ನಾನು ಆಚೆ ಕಳಿಸಿದ್ದೇನೆ. ಈ ಇಪ್ಪತ್ತೈದು ವರ್ಷದಲ್ಲಿ ಹಾಗೆ ಎಷ್ಟು ಜನಕ್ಕೆ "ಅಡ್ಡ ಬರಬೇಡಿ" ಅಂದಿದ್ದೇನೋ. ನಮ್ಮ ಕಸುಬಿನಲ್ಲಿ ಕಲಿಸುವುದೇ ಅದನ್ನು. ಹಿಂದೆ ಒಣಹಾಕಿದ ಬಟ್ಟೆ ಕಾಣಬಾರದು, ಡ್ರಮ್ಮು ಕಾಣಬಾರದು, ಹಳೇ ಸೀರೆಯ ಮುದುಕಿ ಕಾಣಬಾರದು. ಅವತ್ತು ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಹುಡುಗ ಹುಡುಗಿಯನ್ನು ಅಳಿಸಿ ಅಜ್ಜಿಯೊಬ್ಬರನ್ನೇ ಉಳಿಸೋಣ ಅಂತ ಮೊದಲು ಯೋಚಿಸಿದೆ. ಕೈ ಹಾಕಲಿಲ್ಲ. ಅವರು ನಮ್ಮವರೇ, ಯಾರಿಂದಲೂ ಏನನ್ನೂ ಕಿತ್ತುಕೊಂಡವರಲ್ಲ. ಅವರ ಮದುವೆಯ ದಿನ ಅದು. ಅಲ್‌ಜಾಫರಿ ಅಳಿಸಿದ್ದಕ್ಕೆ ಅವರಿಗೆ ಕಾರಣ ಇತ್ತು, ನನಗೆ ಆ ಕಾರಣ ಇಲ್ಲ. ಆ ನಾಲ್ಕು ಸೆಕೆಂಡನ್ನು ನಿಧಾನ ಮಾಡಿದೆ. ಇಪ್ಪತ್ತು ಸೆಕೆಂಡು ಆಯಿತು. ಅಜ್ಜಿಯ ಕಡೆಗೆ ಸ್ವಲ್ಪ ಹತ್ತಿರ ಹೋದೆ. ಬಣ್ಣದ ಚೌಕಗಳು ಎದ್ದವು, ಒಂದೆರಡು ಕಡೆ ಟೇಪು ಹಾಳಾಗಿ ಚಿತ್ರ ಹರಿದಿದೆ. ಅದನ್ನು ಸರಿಮಾಡಲು ಹೋಗಲಿಲ್ಲ.

ಮಾರನೇ ದಿನ ಅಮ್ಮನನ್ನು ಸ್ಟುಡಿಯೊಕ್ಕೆ ಕರೆದುಕೊಂಡು ಬಂದೆ. ದೊಡ್ಡ ಮಾನಿಟರಿನಲ್ಲಿ ಹಾಕಿದೆ. ಅಮ್ಮ ಅಳುತ್ತಾರೆ ಅಂತ ಹೆದರಿಕೆ ಇತ್ತು. ಅಳಲಿಲ್ಲ. ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಗ್ಗಿದರು.

"ಅಮ್ಮ ಕಂಬ ಹಿಡ್ಕಂಡಿದಾಳೆ ನೋಡು" ಅಂದರು.

"ಹೌದು" ಅಂದೆ.

"ನಮ್ಮನೆ ಕಂಬ ಅದು."

ನನಗೆ ಅರ್ಥವಾಗಲಿಲ್ಲ. ಅಮ್ಮನೇ ಹೇಳಿದರು. ಊರು ಬಿಡುವಾಗ ಮನೆ ಬಿಚ್ಚಿದರಂತೆ. ಹೆಂಚು, ಬಾಗಿಲು, ಜಂತಿ ಲಾರಿಗೆ ಬಂತು. ಜಗುಲಿಯ ನಾಲ್ಕು ಕಂಬಕ್ಕೆ ಲಾರಿಯಲ್ಲಿ ಜಾಗ ಇರಲಿಲ್ಲ. ಅಜ್ಜ ಅವನ್ನು ಅಜ್ಜಿಯ ತವರಿಗೆ ಕೊಟ್ಟರು. ಅವರು ಜಗುಲಿ ಕಟ್ಟುವಾಗ ಹಾಕಿಕೊಂಡರು. ಅಜ್ಜಿ ತವರಿಗೆ ಹೋದಾಗೆಲ್ಲ ಆ ಕಂಬದ ಹತ್ತಿರವೇ ಕೂರುತ್ತಿದ್ದರಂತೆ, ಊಟಕ್ಕೂ ಅಲ್ಲೇ.

"ನಿಂಗೆ ಗೊತ್ತಿರ್ಲಿಲ್ವಾ?" ಅಂದರು ಅಮ್ಮ.

ನನಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಮನೆಯನ್ನು ಹತ್ತು ವರ್ಷದ ಹಿಂದೆ ಕೆಡವಿ ಆರ್‌ಸಿಸಿ ಕಟ್ಟಿದ್ದಾರೆ. ಕಂಬ ಏನಾಯಿತು ಅಂತ ಫೋನ್ ಮಾಡಿ ಕೇಳಿದೆ. ಅವರಿಗೂ ಸರಿಯಾಗಿ ನೆನಪಿಲ್ಲ.

ಅಮ್ಮ ಮತ್ತೆ ಹಾಕು ಅಂದರು. ಹಾಕಿದೆ. ಎರಡನೇ ಸಲ ಕಂಬದ ಮೇಲಿನ ಕೆತ್ತನೆಯನ್ನು ತೋರಿಸಿದರು. ಮೂರನೇ ಸಲ ಅಜ್ಜಿಯ ಬೆರಳು ಇದ್ದ ಕಡೆ ಒಂದು ಗುಳಿ ಇತ್ತು, ಅಲ್ಲಿ ದೀಪದ ಮೊಳೆ ಹೊಡೆದಿದ್ದರು ಅಂದರು. ನನಗೆ ಗುಳಿ ಕಾಣಲಿಲ್ಲ, ಚೌಕಗಳು ಕಂಡವು. ಅಮ್ಮನಿಗೆ ಕಾಣುತ್ತಿತ್ತು.

ಅಮ್ಮನನ್ನು ಮನೆಗೆ ಬಿಟ್ಟು ಬಂದು ಟೇಪನ್ನು ಡಬ್ಬಿಗೆ ಹಾಕಿದೆ. ಡಬ್ಬಿಯ ಮೇಲೆ ನನ್ನದೇ ಹಳೇ ಅಕ್ಷರದಲ್ಲಿ ಹುಡುಗ ಹುಡುಗಿಯ ಹೆಸರು, ತಾರೀಕು ಇತ್ತು. ಅದರ ಕೆಳಗೆ ಮಾರ್ಕರಿನಲ್ಲಿ ಬರೆದೆ: 34ನೇ ನಿಮಿಷ, ಅಜ್ಜಿ, ಕಂಬ. ಆಮೇಲೆ ಹದಿನಾಲ್ಕನೇ ಟೇಪು ಹಾಕಿದೆ.